ಗುಂಡುಕಲ್ಲಿನ ಸವಾರಿ

ಹಿರಿಯೂರು, ೧೯೦೭. ಕಾರ್ತಿಕ ಬಹುಳ ತದಿಗೆ

ನಮ್ಮನೆಯವರು ಮಾರಿಕಣಿವೆಯಿಂದ ಬಂದವರು ಚಪ್ಪಲಿ ಬಿಡುವ ಮೊದಲೇ ಸುದ್ದಿ ಹೇಳಿದರು. ಹೊಳೆಗೆ ಕಟ್ಟುತ್ತಿದ್ದ ಕಟ್ಟೆಯ ಕೆಲಸ ಮುಗಿಯಿತಂತೆ. ಅಲ್ಲಿ ಬಂಗಲೆಗಳಲ್ಲಿದ್ದ ದೊರೆಗಳ ಸಂಸಾರಗಳು ಒಟ್ಟಿಗೆ ತಮ್ಮ ಸೀಮೆಗೆ ಹೊರಟಿವೆಯಂತೆ. ಮೇಜು, ಕುರ್ಚಿ, ಗಾಜಿನ ದೀಪ, ಕೋಳಿಗೂಡು ಎಲ್ಲವೂ ಹರಾಜು. ಕ್ಯಾಂಪಿಗೆ ಇಷ್ಟು ವರ್ಷ ಅಕ್ಕಿ ಬೇಳೆ ಒದಗಿಸಿದ್ದರಿಂದ ಇವರಿಗೂ ಬರಲು ಹೇಳಿದ್ದಾರೆ.

"ಏನೇನೋ ಅವೆ ಕಣೇ. ಕೂಸಿನ ಗಾಡೀನೂ ಮೂರು ಅವೆ," ಎಂದು ನಕ್ಕರು. ನಾನು ನಗಲಿಲ್ಲ. ಕೈಯಲ್ಲಿದ್ದ ಮೊರ ಹಾಗೇ ನಿಂತಿತು.

ಕೂಸಿನ ಗಾಡಿಯನ್ನು ಒಂದೇ ಸಲ ನೋಡಿದ್ದೇನೆ. ಬಂಗಲೆ ರಸ್ತೆಯಲ್ಲಿ ಒಬ್ಬ ಆಯಾ ಅದನ್ನು ತಳ್ಳಿಕೊಂಡು ಹೋಗುತ್ತಿದ್ದಳು. ಒಳಗೆ ಬಿಳಿಯ ಕೂಸು ರಾಜನ ಹಾಗೆ ಮಲಗಿ ಆಕಾಶ ನೋಡುತ್ತಿತ್ತು. ಎತ್ತಿಕೊಳ್ಳುವ ಕೆಲಸವೇ ಇಲ್ಲ, ತಳ್ಳಿದರೆ ಸಾಕು.

ಮಗಳು ಮಾದೇವಿಗೆ ಈಗ ಏಳು ತಿಂಗಳು. ಮುಂದಿನ ತಿಂಗಳು ಹೊಳಲ್ಕೆರೆಯಿಂದ ಚೊಚ್ಚಲ ಬಾಣಂತನಕ್ಕೆ ಇಲ್ಲಿಗೆ ಬರುತ್ತಾಳೆ. ನಮ್ಮ ಮನೆತನದಲ್ಲಿ ಒಂದು ಪದ್ಧತಿ. ಬಾಣಂತಿ ಮೊದಲ ಸಲ ಹೊಸ್ತಿಲು ದಾಟುವ ದಿನ ವೇದಾವತಿ ಹೊಳೆಗೆ ಹೋಗಿ ಗಂಗೆ ಪೂಜೆ ಮಾಡಬೇಕು. ಅವತ್ತು ಕೂಸನ್ನು ನೀರಿನವರೆಗೆ ಒಯ್ಯುವವಳು ತಾಯಿಯ ತಾಯಿ. ಮಾದೇವಿಯನ್ನು ನನ್ನ ಅವ್ವ ಒಯ್ದಳು. ಈಗ ಸರದಿ ನನ್ನದು, ನನ್ನ ಕಾಲು ಹೀಗೆ.

ಹೋದ ವರ್ಷದ ಶ್ರಾವಣದಲ್ಲಿ ಹಿತ್ತಲ ಬಾವಿಕಟ್ಟೆಯ ಮೇಲೆ ಜಾರಿ ತೊಡೆಯ ಮೂಳೆ ಮುರಿದುಕೊಂಡೆ. ಕಟ್ಟು ಹಾಕಿದವನು ಮೂಳೆ ಕೂಡಿದೆ, ನಡೆಯಿರಿ ಎಂದ. ನನಗೆ ಕೋಲು ಬಿಟ್ಟು ನಡೆಯಲು ಭಯ. ಅಂದಿನಿಂದ ತಲೆಬಾಗಿಲು ದಾಟಿಲ್ಲ. ಒಮ್ಮೆ ಪಕ್ಕದ ಮನೆ ನಾಗಕ್ಕನ ಮೊಮ್ಮಗನನ್ನು ಎತ್ತಿಕೊಂಡು ಎರಡು ಹೆಜ್ಜೆ ಇಟ್ಟು ತಡವರಿಸಿದೆ. ಅತ್ತೆ ಮಗುವನ್ನು ನನ್ನ ಕೈಯಿಂದ ಕಿತ್ತುಕೊಂಡರು. ಅವತ್ತೇ ತೀರ್ಪೂ ಆಯಿತು.

"ಬೀಗಿತಿ ಮರುಳಸಿದ್ದಮ್ಮ ಗಟ್ಟಿಮುಟ್ಟಾಗವ್ಳೆ. ಹೊಳೆಗೆ ಅವ್ಳೇ ಎತ್ಕಂಡು ಹೋಗ್ಲಿ. ನೀನು ಬಾಗ್ಲಾಗೆ ನಿಂತು ಆರತಿ ಬೆಳಗು."

ಅಂದು ನಾನು ತಲೆಯಾಡಿಸಿದ್ದೆ. ಇವತ್ತು ಆ ಮಾತು ನೆನೆದು ನಗು ಬರುತ್ತಿದೆ. ಗಾಡಿ! ನನಗೆ ಯಾಕೆ ಮೊದಲೇ ಹೊಳೆಯಲಿಲ್ಲ?

ಕಾರ್ತಿಕ ಬಹುಳ ಪಂಚಮಿ

ಎರಡು ದಿನದಿಂದ ಮನೆಯಲ್ಲಿ ಗಾಡಿಯದೇ ಯುದ್ಧ.

ಅತ್ತೆ ಏಕನಾಥಮ್ಮನವರು ಹೇಳುವುದೂ ಸುಳ್ಳಲ್ಲ. ಹುಟ್ಟದ ಕೂಸಿಗೆ ಒಂದು ಕುಲಾವಿಯನ್ನೂ ತರಬಾರದು. ಬರಿದಾದ ತೊಟ್ಟಿಲನ್ನು ತೂಗಬಾರದು. ಇದು ಎಲ್ಲರ ಮನೆಯಲ್ಲೂ ಇರುವ ಮಾತು.

"ತೊಟ್ಲಲ್ಲ ಅತ್ತೇ, ಗಾಡಿ," ಎಂದೆ.

"ಕೂಸು ಮಲಗೋದೆಲ್ಲಾ ತೊಟ್ಲೇ ಕಣೇ. ಗಾಲಿ ಹಾಕಿದ ತಕ್ಷಣ ಎತ್ತಿನಗಾಡಿ ಆತದೇನು?"

"ಹೆರಿಗೆ ಆಗಾ ತನಕ ಕಾಯಾಣ ಅಂದ್ರೆ ಹರಾಜು ಕಾಯಲ್ವಲ್ಲ."

"ಕಾಯದಿದ್ರೆ ಬಿಡು. ನಾವೆಲ್ಲಾ ಗಾಡ್ಯಾಗೆ ಬೆಳ್ದವ್ರಾ? ನಿನ್ನ ಗಂಡನ್ನ ನಾನು ಸೊಂಟದ ಮ್ಯಾಲೆ ಇಟ್ಕಂಡೇ ಸಾಕಿದ್ದು. ಅದಕ್ಕೇ ಅವ್ನು ಒಂದು ಕಡೆ ವಾಲ್ಕಂಡು ನಡೀತಾನೆ."

ಇವರು ಪಡಸಾಲೆಯಿಂದ, "ನನ್ ಸುದ್ದಿ ಯಾಕೆ ತೆಗೀತೀಯವ್ವಾ?" ಎಂದರು. ಮೂವರೂ ನಕ್ಕೆವು. ನಕ್ಕ ಮೇಲೆ ಅತ್ತೆಗೆ ಗಟ್ಟಿಯಾಗಿ ಬೇಡವೆನ್ನಲು ಆಗಲಿಲ್ಲ. ಗಾಡಿ ತಂದರೂ ಹೆರಿಗೆಯಾಗುವವರೆಗೆ ಅದನ್ನು ಬರಿದಾಗಿ ಉರುಳಿಸಕೂಡದು ಎಂದು ಮಾತ್ರ ಹೇಳಿ ಒಳಗೆ ಹೋದರು.

ಇವರೊಬ್ಬರೇ ಹೋಗಿ ತಂದರೆ ನನಗೆ ಸಮಾಧಾನವಾಗುವುದಿಲ್ಲ. ಗಂಡಸರು ಬಣ್ಣ ನೋಡಿ ತರುತ್ತಾರೆ. ನಾನೂ ಬರುತ್ತೇನೆ ಎಂದೆ. ಇವರು ನನ್ನ ಕಾಲು ನೋಡಿದರು, ಮುಖ ನೋಡಿದರು. "ಕರಿಯಣ್ಣಂಗೆ ಗಾಡ್ಯಾಗೆ ಹುಲ್ಲು ಜಾಸ್ತಿ ಹಾಕಾಕೆ ಹೇಳ್ತೀನಿ," ಎಂದರು.

ಕಾರ್ತಿಕ ಬಹುಳ ಅಷ್ಟಮಿ

ಎಷ್ಟು ಬರೆದರೂ ಇವತ್ತಿನದು ಮುಗಿಯುವುದಿಲ್ಲ.

ಬೆಳಗಿನ ಜಾವಕ್ಕೇ ಹೊರಟೆವು. ಗಾಡಿ ಹೊಡೆಯುವ ಕರಿಯಣ್ಣ ಮೆತ್ತನೆಯ ಹುಲ್ಲು ಹಾಸಿ ಮೇಲೆ ಕಂಬಳಿ ಹೊದಿಸಿದ್ದ. ಹೊಸ್ತಿಲು ದಾಟಿಸುವಾಗ ಇವರು ಒಂದು ತೋಳು, ಅತ್ತೆ ಒಂದು ತೋಳು ಹಿಡಿದಿದ್ದರು. ಊರು ದಾಟಿದ ಮೇಲೆ ಎರಡೂ ಕಡೆ ಜೋಳದ ಹೊಲ, ಆಚೆ ಕುರುಚಲು ಗುಡ್ಡ. ಇದೆಲ್ಲ ಇದ್ದಲ್ಲೇ ಇತ್ತು, ನಾನೊಬ್ಬಳೇ ಇರಲಿಲ್ಲ ಅನ್ನಿಸಿತು.

ಎರಡು ಗುಡ್ಡಗಳ ನಡುವೆ ಆ ಕಲ್ಲಿನ ಕಟ್ಟೆ! ಅದರ ಹಿಂದೆ ನೀರು, ಕಣ್ಣು ಹೋದಷ್ಟು ದೂರವೂ ನೀರು. ನಮ್ಮ ಹೊಳೆ ಊರಿನಲ್ಲಿ ಯಾಕೆ ಸೊರಗಿದೆ ಎಂದು ಈಗ ಗೊತ್ತಾಯಿತು. ಇಲ್ಲಿ ಬಂದು ತವರಿನಲ್ಲಿ ಕುಳಿತಿದ್ದಾಳೆ.

ಬಂಗಲೆಯ ಜಗಲಿಯ ಮೇಲೆ ಮೂರು ಗಾಡಿಗಳನ್ನು ಸಾಲಾಗಿ ನಿಲ್ಲಿಸಿದ್ದರು. ಒಬ್ಬ ವಯಸ್ಸಾದ ಆಯಾ, ದಂಡಿನ ಕಡೆಯವಳು, ಪಕ್ಕದಲ್ಲಿ ಕುಳಿತು ಎಲೆ ಅಡಿಕೆ ಹಾಕುತ್ತಿದ್ದಳು.

ಮೊದಲನೆಯದಕ್ಕೆ ಮೂರೇ ಗಾಲಿ. ಕೆಂಪು ಮಕಮಲ್ಲಿನ ದಿಂಬು, ಹಿತ್ತಾಳೆಯ ಗುಬಟು, ಎರಡು ಕಡೆಯೂ ಗೆಜ್ಜೆಯಂಥ ಕುಚ್ಚು. ಇವರು ಅದರ ಸುತ್ತಲೇ ತಿರುಗುತ್ತಿದ್ದರು.

"ಇದು ನೋಡೇ, ಹಿರಿಯೂರಾಗೆ ಯಾರ ಮನ್ಯಾಗೂ ಇಂಥದ್ದಿಲ್ಲ!"

"ಇಂಥದ್ದೂ ಇಲ್ಲ, ಎಂಥದ್ದೂ ಇಲ್ಲ. ಹಿಡಿ ನೋಡ್ರಿ, ನನ್ನ ಮೊಣಕಾಲಿಗೆ ಐತೆ. ಬಗ್ಗಿ ತಳ್ಳಬೇಕು."

ಎರಡನೆಯದು ಬೆತ್ತದ್ದು. ಹಗುರ, ಚೆಂದ, ಬುಟ್ಟಿಯ ಹಾಗೆ. ನಾನು ಹಿಡಿಯ ಮೇಲೆ ಕೈಯಿಟ್ಟು ಸ್ವಲ್ಪ ಭಾರ ಬಿಟ್ಟೆನೋ ಇಲ್ಲವೋ, ಮುಂದಿನ ಗಾಲಿಗಳು ಮೇಲೆದ್ದವು. ಆಯಾ ಹಿಡಿದುಕೊಳ್ಳದಿದ್ದರೆ ನಾನೂ ಗಾಡಿಯೂ ಕೂಡಿಯೇ ಬೀಳುತ್ತಿದ್ದೆವು.

ಮೂರನೆಯದು ಕಪ್ಪಗೆ, ಆಳವಾಗಿ, ದೋಣಿಯ ಹಾಗಿತ್ತು. ದೊಡ್ಡ ದೊಡ್ಡ ನಾಲ್ಕು ಗಾಲಿ. ಮಡಿಸಿ ಬಿಚ್ಚುವ ಚರ್ಮದ ಕಮಾನು. ಒಳಗೆ ಹಾಸಿದ್ದ ಹಲಗೆ ಎತ್ತಿದರೆ ಕೆಳಗೆ ಇನ್ನೊಂದು ಗುಂಡಿ. ಕೂಸು ಬೆಳೆದು ಕೂರುವಂತಾದಾಗ ಕಾಲು ಇಳಿಬಿಡಲಿಕ್ಕಂತೆ.

"ಅದು ಬ್ಯಾಡಮ್ಮಾ, ಬಾಳ ಭಾರ," ಎಂದಳು ಆಯಾ. "ಬೆತ್ತದ್ದು ತಗೋ. ಒಂದು ಕೈಯಾಗೆ ಓಡ್ತದೆ."

ಅದು ಬೇಡ ಎಂದು ಅವಳು ಹೇಳುತ್ತಿದ್ದರೂ ನಾನು ಹಿಡಿಯನ್ನು ಬಿಡಲಿಲ್ಲ. ಜಗಲಿಯ ಆ ತುದಿಯವರೆಗೆ ತಳ್ಳಿದೆ, ತಿರುಗಿಸಿ ತಂದೆ. ಇನ್ನೊಮ್ಮೆ ಹೋದೆ. ಕಪ್ಪು ಬಣ್ಣವಾದರೇನು, ನಮ್ಮ ಬಿಸಿಲಿಗೆ ಇಂಥ ಕಮಾನೇ ಬೇಕು. ಕೂಸಿನ ಕಣ್ಣಿಗೆ ನೆರಳಿರುತ್ತದೆ. ಅದಕ್ಕೇ ನಾನು ಅದನ್ನು ಆರಿಸಿದ್ದು.

"ಎಮ್ಮೆ ಇದ್ದಂಗೈತೆ," ಎಂದರು ಇವರು.

"ಎಮ್ಮೆ ಹಾಲೇ ಗಟ್ಟಿ," ಎಂದೆ. ಕರಿಯಣ್ಣ ಬಾಯಿಗೆ ಟವಲು ಒತ್ತಿಕೊಂಡು ಆಚೆ ತಿರುಗಿದ.

ಕೂಗುವವನು ಕೂಗಿದ. ಎಮ್ಮೆಗೆ ಬೇರೆ ಯಾರೂ ಕೂಗು ಏರಿಸಲಿಲ್ಲ. ನನ್ನದಾಯಿತು.

ಕಾರ್ತಿಕ ಬಹುಳ ನವಮಿ

ಗಾಡಿಯಿಂದ ಗಾಡಿಯನ್ನು ಇಳಿಸುವುದನ್ನು ನೋಡಲು ಬೀದಿಯೆಲ್ಲ ನೆರೆದಿತ್ತು. ಕರಿಯಣ್ಣ ಅದನ್ನು ಹೊಸ್ತಿಲ ಹತ್ತಿರ ತಂದದ್ದೇ ತಡ, ಅತ್ತೆ ಬಾಗಿಲಿಗೆ ಅಡ್ಡ ನಿಂತರು.

"ನಿಲ್ಸಲೇ ಅಲ್ಲೇ! ಬರಿದು ಒಳಗೆ ಬರಬಾರ್ದು."

ಒಳಗೆ ಹೋದವರು ಒರಳಿನ ಗುಂಡುಕಲ್ಲನ್ನು ಎದೆಗವಚಿಕೊಂಡು ಬಂದರು. ಅದಕ್ಕೆ ವಿಭೂತಿ ಹಚ್ಚಿ, ತಮ್ಮ ಹಳೆಯ ಸೀರೆಯ ತುಂಡು ಸುತ್ತಿ, ಗಾಡಿಯೊಳಗೆ ಮಲಗಿಸಿದರು. ನಾಮಕರಣದ ದಿನ ಕೂಸಿಗಿಂತ ಮೊದಲು ಗುಂಡುಕಲ್ಲನ್ನು ತೊಟ್ಟಿಲಿಗೆ ಹಾಕಿ ತೂಗುತ್ತೇವಲ್ಲ, ಅದೇ ಶಾಸ್ತ್ರ. ಕಲ್ಲಿನ ಹಾಗೆ ಗಟ್ಟಿಯಾಗಿರಲಿ ಎಂದು.

"ಹೆರಿಗೆ ಆಗಾಗಂಟ ಇದು ಇದ್ರಾಗೇ ಇರ್ಬೇಕು. ತೆಗೆದ್ರೆ ನೋಡು," ಎಂದರು.

"ರುಬ್ಬಾಕೇನು ಮಾಡಾದವ್ವಾ?" ಇವರು ಕೇಳಿದರು.

"ರುಬ್ಬಬ್ಯಾಡ್ರಿ. ಮುದ್ದೆ ನುಂಗ್ರಿ."

ಮೊದಲ ಸಲ ನಮ್ಮ ಮನೆಯೊಳಗೆ ಗಾಲಿಗಳು ಉರುಳಿದವು. ಕೋಲನ್ನು ಗೋಡೆಗೆ ಒರಗಿಸಿ ನಾನೇ ತಳ್ಳಿದೆ. ಗುಂಡುಕಲ್ಲಿನ ಭಾರಕ್ಕೆ ಗಾಡಿ ಆನೆಯ ಹಾಗೆ ನೆಲಕ್ಕೆ ಕಚ್ಚಿಕೊಂಡು ನಡೆಯಿತು. ಎಷ್ಟು ಒರಗಿದರೂ ಮೇಲೇಳಲಿಲ್ಲ. ನೆಟ್ಟಗೆ ನಿಂತು ನಡೆಯುವ ಸುಖವೇ ಸುಖ!

ಕಾರ್ತಿಕ ಅಮಾವಾಸ್ಯೆ

ಬೆಳಿಗ್ಗೆ ಪಡಸಾಲೆ. ಸಂಜೆ ಪಡಸಾಲೆ. ಗಾಲಿಗೆ ಎಣ್ಣೆ ಹಾಕಿದೆ.

ಮಾರ್ಗಶಿರ ಶುದ್ಧ ಪಂಚಮಿ

ಗೊಲ್ಲರಹಟ್ಟಿಯಿಂದ ಬೆಣ್ಣೆ ತರುವ ಜುಂಜಮ್ಮ ಇವತ್ತು ನನ್ನನ್ನು ಅಂಗಳದಲ್ಲಿ ಹಿಡಿದಳು. ಪಡಸಾಲೆ ಸಣ್ಣದಾಯಿತೆಂದು ನಿನ್ನೆಯಿಂದ ಅಂಗಳಕ್ಕೆ ಇಳಿಸಿದ್ದೇನೆ. ಅವಳು ಕಮಾನಿನೊಳಗೆ ಬಗ್ಗಿ ನೋಡಿ, ಗಡಿಗೆ ಕೆಳಗಿಟ್ಟು, ಸೊಂಟದ ಮೇಲೆ ಕೈಯಿಟ್ಟಳು.

"ಯಾವಾಗ ಹಡೆದ್ರಿ ಅಮ್ಮಾರೇ? ಒಂದು ಮಾತು ಹೇಳಬಾರ್ದಾ?"

"ಸುಮ್ನಿರೇ ಜುಂಜೀ. ಬರೀ ಗಾಡಿ ಉರುಳಿಸಬಾರ್ದು ಅಂತ ನಮ್ಮತ್ತೆ."

"ಅಪ್ಪನಂಗೇ ಐತೆ ನೋಡ್ರಿ ಮಖ. ಗುಂಡಗೆ, ಮಾತಿಲ್ಲ ಕತೆಯಿಲ್ಲ. ಶೀತ ಆತದೆ, ತಲೆಗೊಂದು ಕುಲಾವಿನಾದ್ರೂ ಹಾಕ್ರಿ!"

ನಕ್ಕು ನಕ್ಕು ನನಗೆ ಹೊಟ್ಟೆನೋವು ಬಂತು. ಹುಟ್ಟದ ಕೂಸಿಗೆ ಕುಲಾವಿ ಹೊಲಿಯಬಾರದು, ಕಲ್ಲಿಗೆ ಹೊಲಿಯಬಾರದೆಂದು ಯಾರೂ ಹೇಳಿಲ್ಲವಲ್ಲ! ಮಧ್ಯಾಹ್ನವೇ ಕುಳಿತು ಹಳೆಯ ಕುಬುಸದ ತೋಳಿನಲ್ಲಿ ಒಂದು ಹೊಲಿದೆ. ಸರಿಯಾಗಿ ಕೂತಿತು.

ಇವರು ಮಾತ್ರ ಊಟಕ್ಕೆ ಕುಳಿತಾಗಲೆಲ್ಲ ದೋಸೆಯನ್ನು ನೆನೆಸಿ ನಿಟ್ಟುಸಿರು ಬಿಡುತ್ತಾರೆ.

ಮಾರ್ಗಶಿರ ಶುದ್ಧ ದ್ವಾದಶಿ

ತಲೆಬಾಗಿಲಿಗೆ ಎರಡು ಹಲಗೆಗಳ ಇಳಿಜಾರು ಹಾಕಿಸಿದೆ. ಗಾಡಿಗೆ ಬೀದಿಯ ಅಭ್ಯಾಸವಾಗಬೇಕಲ್ಲ. ಇಲ್ಲದಿದ್ದರೆ ಗಂಗೆ ಪೂಜೆಯ ದಿನ ಕಲ್ಲುಮಣ್ಣಿಗೆ ಗಾಲಿಗಳು ಹಟ ಹಿಡಿದರೆ?

ಇವತ್ತು ಬೀದಿಯ ಬೇವಿನ ಮರದವರೆಗೆ ಹೋಗಿಬಂದೆವು, ನಾನು ಮತ್ತು ಕುಲಾವಿ ತೊಟ್ಟ ಕಲ್ಲಪ್ಪ. ನಾಗಕ್ಕ ಜಗಲಿಯಿಂದ, "ಗಂಗಮ್ಮಾ, ಬಾಳ ದಿನ ಆಗಿತ್ತಲ್ಲೇ ನಿನ್ನ ಬೀದ್ಯಾಗೆ ನೋಡಿ!" ಎಂದಳು. ಅವಳ ಹತ್ತಿರ ಕುಳಿತು ಸುಮಾರು ಹೊತ್ತು ಮಾತಾಡಿದೆ. ಅವಳ ಮನೆಯ ಮುಂದೆ ದಾಸವಾಳ ಹಾಕಿದ್ದಾಳೆ. ಇಷ್ಟು ಎತ್ತರ ಬೆಳೆದಿದೆ, ನನಗೆ ಗೊತ್ತೇ ಇರಲಿಲ್ಲ.

ಮಾರ್ಗಶಿರ ಬಹುಳ ಷಷ್ಠಿ

ಮಾದೇವಿ ಬಂದಳು. ಮುಖ ತುಂಬಿದೆ, ಕಾಲು ಸ್ವಲ್ಪ ಊದಿದೆ. ಗಾಡಿಯನ್ನು ಕಂಡು ಚಿಕ್ಕ ಹುಡುಗಿಯ ಹಾಗೆ ಕೈ ತಟ್ಟಿದಳು. ಅವಳನ್ನು ಬಿಡಲು ಬಂದ ಬೀಗಿತಿ ಮರುಳಸಿದ್ದಮ್ಮನವರು ತಟ್ಟಲಿಲ್ಲ.

"ಬ್ಯಾರೆ ಮನೆ ಕೂಸು ಮಲಗಿದ್ದ ಗಾಡಿ. ಅದೂ ದೊರೆಗಳದ್ದು," ಎಂದರು.

"ತೊಳ್ದು, ಅಯ್ಯನೋರನ್ನ ಕರೆಸಿ ಪೂಜೆ ಮಾಡ್ಸೀವಿ ಬೀಗಿತಿಯಾರೇ."

"ಅದ್ಸರಿ ಅನ್ರಿ. ಆದ್ರೆ ಗಂಗಮ್ಮಾರೇ, ಬ್ಯಾಸರ ಮಾಡ್ಕಬ್ಯಾಡ್ರಿ. ನಾನು ಒಂದು ಮೊಮ್ಮಗೂನ್ನ ಕಳ್ಕಂಡೀನಿ, ದೊಡ್ಡ ಸೊಸೇದು. ಗಂಗೆ ಪೂಜೆ ದಿನ ಕೂಸನ್ನ ನಾನೇ ಎತ್ಕತೀನಿ. ನಿಮ್ಮ ಕಾಲು ಹಿಂಗೈತೆ, ಈ ಗಾಡಿ ಹೆಂಗೋ ಏನೋ. ಹೋದ ಕೂಸು ಮತ್ತೆ ಬರಲ್ಲ."

ಅವರ ಕಣ್ಣು ತುಂಬಿತ್ತು. ಅಂಥವರ ಎದುರು ಏನು ವಾದ ಮಾಡಲಿ? ಇವರೂ ಆಗಲಿ ಎಂದುಬಿಟ್ಟರು. ಅತ್ತೆ ನನ್ನ ಕಡೆ ಒಂದು ಸಲ ನೋಡಿದರು.

ಸಂಜೆ ಕಲ್ಲಪ್ಪನನ್ನು ತಳ್ಳಿಕೊಂಡು ಬೇವಿನ ಮರ ದಾಟಿ, ಗುಡಿ ದಾಟಿ, ಊರ ಬಾಗಿಲವರೆಗೂ ಹೋದೆ. ಸಿಟ್ಟಿಗೆ.

ಪುಷ್ಯ ಶುದ್ಧ ಸಪ್ತಮಿ

ಹೆಣ್ಣು ಕೂಸು. ತಾಯಿ ಮಗು ಇಬ್ಬರೂ ಸುಖ. ಎಷ್ಟು ಕೂದಲು!

ಪುಷ್ಯ ಶುದ್ಧ ನವಮಿ

ಅಯ್ಯನವರು ಬಂದು ಕೂಸಿಗೆ ಲಿಂಗ ಕಟ್ಟಿದರು. ಎರೆಯುವುದು, ಸಾಂಬ್ರಾಣಿ ಹೊಗೆ, ಬಾಣಂತಿಯ ಕಾರ, ನೆಂಟರು. ಬರೆಯಲು ಪುರುಸೊತ್ತಿಲ್ಲ.

ಪುಷ್ಯ ಬಹುಳ ಪಂಚಮಿ

ನಾಮಕರಣ ಆಯಿತು. ಶಾಸ್ತ್ರಕ್ಕೆ ಗುಂಡುಕಲ್ಲು ತನ್ನಿ ಎಂದಾಗ ನಮ್ಮ ಕಲ್ಲಪ್ಪ ಕುಲಾವಿ ಹಾಕಿಕೊಂಡೇ ತೊಟ್ಟಿಲಿಗೆ ಬಂದ. ಜುಂಜಮ್ಮ ಬಾಗಿಲಲ್ಲೇ ನಿಂತು, "ಇವ್ನು ಅನುಭವಸ್ಥ ಕಣ್ರಮ್ಮೋ, ಊರೆಲ್ಲಾ ತಿರುಗವ್ನೆ!" ಎಂದಳು. ಹಾಡುತ್ತಿದ್ದವರ ಹಾಡೇ ನಿಂತುಹೋಯಿತು. ಆಮೇಲೆ ಕೂಸನ್ನು ಮಲಗಿಸಿ ಹೆಸರಿಟ್ಟೆವು, ವೇದಾವತಿ ಎಂದು. ಅತ್ತೆಯೇ ಆರಿಸಿದ ಹೆಸರು. ಅವರು ಎಂದೋ ಮನಸ್ಸಿನಲ್ಲಿ ಇಟ್ಟುಕೊಂಡಿದ್ದರಂತೆ.

ಸಂಜೆ ವೇದಾ ಮೊದಲ ಸಲ ಗಾಡಿಯಲ್ಲಿ ಮಲಗಿದಳು. ಬರಿಯ ಕೂಸಿನ ಭಾರಕ್ಕೆ ಗಾಡಿ ನಿಲ್ಲದೇನೋ ಎಂದು ಹೆದರಿ ಕಲ್ಲಪ್ಪನನ್ನು ಹಲಗೆಯ ಕೆಳಗಿನ ಗುಂಡಿಯಲ್ಲಿ ಇಟ್ಟು, ಅಲುಗದಂತೆ ಸುತ್ತ ಬಟ್ಟೆ ತುರುಕಿದೆ. ಮೇಲೆ ಮೊಮ್ಮಗಳು, ಕೆಳಗೆ ಕಲ್ಲು. ಹಿತ್ತಲು, ಅಂಗಳ, ಪಡಸಾಲೆ ಸುತ್ತಿದೆವು. ಮಲಗಿದ ಕೂಸಿನ ಮುಖವನ್ನು ಎದುರಿಗೇ ನೋಡುತ್ತ ನಡೆಯುವುದೆಂದರೆ! ಸೊಂಟದ ಮೇಲೆ ಇಟ್ಟುಕೊಂಡವರಿಗೆ ಈ ಭಾಗ್ಯವಿಲ್ಲ.

ಹಿತ್ತಲಲ್ಲಿ ನಾಲ್ಕು ಹೀರೆ ಬೀಜ ಊರಿದೆ.

ಮಾಘ ಶುದ್ಧ ತ್ರಯೋದಶಿ

ವೇದಾಳಿಗೆ ಗಾಡಿಯ ಹುಚ್ಚು ಹಿಡಿದಿದೆ. ಗಾಲಿ ಉರುಳುತ್ತಿರುವಷ್ಟು ಹೊತ್ತು ಸುಮ್ಮನೆ, ನಿಂತರೆ ಅಳು. ದಿನಕ್ಕೆ ಎಷ್ಟು ಸಲ ತಳ್ಳುತ್ತೇನೋ ಲೆಕ್ಕವಿಲ್ಲ. ಮಾದೇವಿ ಚೆನ್ನಾಗಿ ನಿದ್ದೆ ಮಾಡುತ್ತಾಳೆ.

ಹೀರೆಬಳ್ಳಿ ನೆಲದ ಮೇಲೆ ತಡಕಾಡುತ್ತಿತ್ತು. ಏನಾದರೂ ಆಸರೆ ಕೊಡೋಣವೆಂದು ಕೈಗೆ ಸಿಕ್ಕಿದ್ದನ್ನು ನೆಡುತ್ತಿದ್ದೆ. ಅಷ್ಟರಲ್ಲಿ ಒಳಗೆ ವೇದಾ ಕಿರುಚಿದಳು. ಮಣ್ಣಿನ ಕೈಯಲ್ಲೇ ಓಡಿದೆ. ಕನಸಿರಬೇಕು, ಪುಟ್ಟ ತುಟಿ ನಡುಗುತ್ತಿತ್ತು.

ಮಾಘ ಬಹುಳ ತದಿಗೆ

ವೇದಾ ನಕ್ಕಳು! ವಾಯುವಿನ ನಗುವೆಂದು ಅತ್ತೆ. ಅಲ್ಲ, ನನ್ನನ್ನು ನೋಡಿಯೇ ನಕ್ಕದ್ದು.

ಬೆಳಿಗ್ಗೆ ದೋಸೆ ಮಾಡಿದ್ದರು. ಚೆನ್ನಾಗಿತ್ತು, ಇವರು ಎದ್ದೇಳಲೇ ಇಲ್ಲ.

ಫಾಲ್ಗುಣ ಶುದ್ಧ ಅಷ್ಟಮಿ

ಗಂಗೆ ಪೂಜೆಗೆ ದಿನ ಗೊತ್ತಾಯಿತು, ಬರುವ ಸೋಮವಾರ. ಬೀಗಿತಿ ಮೊದಲೇ ಬರುತ್ತೇನೆಂದು ಹೇಳಿ ಕಳಿಸಿದ್ದಾರೆ. ನಾನು ಬಾಗಿಲಲ್ಲಿ ನಿಂತು ಆರತಿ ಬೆಳಗಬೇಕು. ಬೆಳಗುತ್ತೇನೆ. ಕೂಸು ಚೆನ್ನಾಗಿದ್ದರೆ ಸಾಕು, ಯಾರು ಒಯ್ದರೇನು ಎಂದು ಬೆಳಗಿನಿಂದ ಮನಸ್ಸಿಗೆ ಹೇಳುತ್ತಿದ್ದೇನೆ. ಅದು ಕೇಳುತ್ತಿಲ್ಲ.

ಆದರೂ ಗಾಡಿಯನ್ನು ತೊಳೆದು, ಕಮಾನಿಗೆ ಕೊಬ್ಬರಿ ಎಣ್ಣೆ ಸವರಿ ಇಟ್ಟಿದ್ದೇನೆ. ಥಳಥಳ ಹೊಳೆಯುತ್ತಿದೆ.

ಫಾಲ್ಗುಣ, ಸೋಮವಾರ ಸಂಜೆ

ಗಾಡಿ ನನ್ನ ಮರ್ಯಾದೆ ತೆಗೆಯಿತು. ಮೊದಲಿಂದ ಬರೆಯುತ್ತೇನೆ.

ಬೆಳಿಗ್ಗೆ ಎಲ್ಲರೂ ಸಿದ್ಧರಾಗಿ ಬಾಗಿಲಿಗೆ ಬಂದೆವು. ಮರುಳಸಿದ್ದಮ್ಮನವರು ಹಸಿರು ಇಳಕಲ್ ಸೀರೆ ಉಟ್ಟು, ಕೂಸನ್ನು ತೆಗೆದುಕೊಳ್ಳಲು ಎರಡೂ ಕೈ ಚಾಚಿದರು. ನಾನು ಆರತಿಯ ತಟ್ಟೆ ಹಿಡಿದಿದ್ದೆ. ಆಗ ಅತ್ತೆ ನಡುವೆ ಬಂದು, ತುಂಬಿದ ಕಳಸವನ್ನು ಬೀಗಿತಿಯ ಚಾಚಿದ ಕೈಗಳ ಮೇಲೇ ಇಟ್ಟುಬಿಟ್ಟರು.

"ನೀವು ದೊಡ್ಡೋರು, ಕಳಸ ನೀವು ಹಿಡೀರಿ ಬೀಗಿತಿಯಾರೇ. ಕೂಸು ಗಾಡ್ಯಾಗೆ ಬರ್ತದೆ. ತಳ್ಳೋಳು ಇವ್ಳು."

"ಅಲ್ಲ ಅತ್ತೆಮ್ಮಾರೇ, ಅವ್ರ ಕಾಲು..."

"ಅವ್ಳ ಕಾಲು ನಾನು ದಿನಾ ನೋಡ್ತೀನಿ, ನೀವು ನೋಡೀರಾ? ನಡೀರಿ, ಬಿಸಿಲೇರ್ತದೆ."

ತುಂಬಿದ ಕಳಸವನ್ನು ಪೂಜೆಗೆ ಮೊದಲು ನೆಲಕ್ಕಿಡುವಂತಿಲ್ಲ. ಪಾಪ, ಬೀಗಿತಿ ಏನು ಮಾಡಿಯಾರು? ಹೊರಟರು. ಆರತಿಯ ತಟ್ಟೆ ನನ್ನ ಕೈಯಿಂದ ನಾಗಕ್ಕನ ಕೈಗೆ ಹೋಯಿತು. ನಾನು ಗಾಡಿಯ ಹಿಡಿ ಹಿಡಿದೆ.

ಬೀದಿಯುದ್ದಕ್ಕೂ ಜನ. ವೇದಾ ಕಮಾನಿನ ನೆರಳಲ್ಲಿ ಕಣ್ಣು ಬಿಟ್ಟುಕೊಂಡು ದೊರೆಸಾನಿಯ ಹಾಗೆ ಮಲಗಿದ್ದಳು. ಇವರು ಗಂಡಸರ ಜೊತೆ ಹಿಂದೆ ಬರುತ್ತ, "ಎಮ್ಮೆ ಚೆನ್ನಾಗಿ ನಡೀತೈತಲ್ಲೇ!" ಎಂದರು. ಊರ ಬಾಗಿಲು ದಾಟಿ, ಇಳಿಜಾರು ಇಳಿದು, ಹೊಳೆಯ ದಂಡೆಯವರೆಗೆ ಹೂವಿನ ಹಾಗೆ ಬಂತು ನನ್ನ ಗಾಡಿ.

ಮರಳಿಗೆ ಇಳಿದದ್ದೇ ತಡ, ಗಾಲಿಗಳು ಹೂತುಕೊಂಡವು.

ತಳ್ಳಿದೆ, ಎಳೆದೆ. ಎಳೆದಷ್ಟೂ ಒಳಗೆ ಹೋಯಿತು. ಬೀದಿಯ ಅಭ್ಯಾಸ ಮಾಡಿಸಿದೆ, ಮರಳಿನ ನೆನಪೇ ಬರಲಿಲ್ಲವಲ್ಲ! ಕಟ್ಟೆ ಕಟ್ಟಿದ ಮೇಲೆ ಹೊಳೆ ಆಚೆ ದಡಕ್ಕೆ ಸರಿದಿದೆ. ಒರತೆ ತೋಡಿದ್ದ ಜಾಗ ಅಲ್ಲಿಂದ ಇನ್ನೂ ದೂರವಿತ್ತು. ಬಿಸಿಲು ಏರುತ್ತಿತ್ತು. ಗಾಲಿ ನಿಂತ ಕೂಡಲೇ ವೇದಾ ಜೋರಾಗಿ ಅಳತೊಡಗಿದಳು. ಗಂಡಸರು ಪದ್ಧತಿಯಂತೆ ದಂಡೆಯ ಮೇಲೆಯೇ ನಿಂತಿದ್ದರು. ಬೀಗಿತಿಯ ಎರಡೂ ಕೈಯಲ್ಲಿ ಕಳಸ. ಮಾದೇವಿ ಬಾಣಂತಿ, ಪೂಜೆಯ ತಟ್ಟೆ ಅವಳ ಕೈಯಲ್ಲಿ.

ಕೂಸು ಅಳುವಾಗ ಯೋಚಿಸುತ್ತ ನಿಲ್ಲಲಿಕ್ಕಾಗುತ್ತದೆಯೇ? ಎತ್ತಿಕೊಂಡೆ. ಬೆವರಿಗೆ ಕುತ್ತಿಗೆಯೆಲ್ಲ ಒದ್ದೆಯಾಗಿತ್ತು. ಸೆರಗಿನಲ್ಲಿ ಒರೆಸುತ್ತ, ಊದುತ್ತ, "ಬಂತು ಬಂತು, ನಿನ್ನ ಹೊಳೆ ಬಂತು," ಎನ್ನುತ್ತ ಒರತೆಯವರೆಗೆ ಹೋದೆ. ನನ್ನ ಕರಿಮಣಿ ಸರ ಹಿಡಿದುಕೊಂಡವಳು ಬಿಡಲೇ ಇಲ್ಲ, ಪುಟ್ಟ ಮುಷ್ಟಿಯಲ್ಲಿ ಅದೆಂಥ ಬಲ! ತಿರುಗಿ ನೋಡಿದರೆ ಎಲ್ಲರೂ ಹಿಂದೆಯೇ ನಿಂತಿದ್ದರು. ಬೀಗಿತಿ ನನ್ನ ಕಾಲನ್ನೇ ನೋಡುತ್ತಿದ್ದರು. ಮಾದೇವಿಯ ಕಣ್ಣಲ್ಲಿ ನೀರು. ಅಷ್ಟು ಹೊಗಳಿ ತಂದ ಗಾಡಿ ನಡುದಾರಿಯಲ್ಲಿ ಕೈಬಿಟ್ಟಿತಲ್ಲ ಎಂದು ನನಗೂ ನಾಚಿಕೆಯಾಯಿತು.

"ಬರ್ರೇ, ಕೂಸಿಗೆ ಬಿಸಿಲಾತದೆ," ಎಂದು ನಾನೇ ಕೂಗಿದೆ.

ಪೂಜೆ ಚೆನ್ನಾಗಿ ಆಯಿತು. ಅರಿಸಿನ, ಹೂವು, ಕಡಲೆ, ಬೆಲ್ಲ. ವೇದಾವತಿಯ ನೀರನ್ನು ವೇದಾಳ ಹಣೆಗೆ ಮುಟ್ಟಿಸಿದೆ. ಮರುಳಸಿದ್ದಮ್ಮನವರು ಕಳಸ ಇಳಿಸಿ ನನ್ನ ಹತ್ತಿರ ಬಂದರು. ಈಗ ಕೂಸನ್ನು ಕೇಳುತ್ತಾರೆಂದುಕೊಂಡೆ. ಕೇಳಲಿಲ್ಲ. ನನ್ನ ಕೆನ್ನೆಗೆ ಅರಿಸಿನ ಹಚ್ಚಿ, "ನಿಮ್ಮ ಕೋಲೆಲ್ರೀ ಗಂಗಮ್ಮಾರೇ?" ಎಂದರು.

"ಗಾಡಿ ಹತ್ರಾನೇ ಇರ್ಬೇಕು," ಎಂದೆ.

ಹಿಂತಿರುಗುವಾಗ ಗಾಡಿಯನ್ನು ಮರಳಿನಿಂದ ಎತ್ತಲು ಕರಿಯಣ್ಣ ಬಂದ. "ಜ್ವಾಕೆ ಕರಿಯಣ್ಣಾ, ಒಳಗೆ ಗುಂಡುಕಲ್ಲೈತೆ," ಎಂದೆ. ಅವನು ಹಲಗೆ ಎತ್ತಿ ನೋಡಿದ.

"ಯಾವ ಕಲ್ಲಮ್ಮಾ? ಏನೂ ಇಲ್ವಲ್ಲ ಇದ್ರಾಗೆ."

ಅತ್ತೆ ಮುಂದೆ ಹೋಗುತ್ತಿದ್ದವರು ತಿರುಗದೆಯೇ ಹೇಳಿದರು. "ಮಾಘದಾಗೇ ತೆಗ್ದು ಒರಳಿಗೆ ಹಾಕ್ದೆ. ದೋಸೆ ತಿಂದ್ಯಲ್ಲ, ಎಲ್ಲಿಂದ ಬಂತು ಅನ್ಕಂಡಿದ್ದೆ?"

ಒಂದು ಮಾತು ಹೇಳಬಾರದಿತ್ತೇ! ಕಲ್ಲಿಲ್ಲದೆ ಗಾಡಿ ಇಷ್ಟು ದಿನ ಹೇಗೆ ನಿಂತಿತೋ, ಆ ದೇವರಿಗೇ ಗೊತ್ತು. ಗಟ್ಟಿ ಗಾಡಿ, ನಾನು ಆರಿಸಿದ್ದಲ್ಲವೇ.

ಫಾಲ್ಗುಣ ಬಹುಳ ದಶಮಿ

ಯುಗಾದಿಗೆ ಮೊದಲು ಬಾಣಂತಿಯನ್ನು ಕಳಿಸುತ್ತಿದ್ದೇವೆ. ತವರಿನ ತೊಟ್ಟಿಲು, ಕೂಸಿನ ಬಟ್ಟೆ, ಕೊಬ್ಬರಿ, ಎಲ್ಲ ಕಟ್ಟಿಯಾಯಿತು. ಕೂಸಿನ ಗಾಡಿಯೂ ಹೊಳಲ್ಕೆರೆಗೆ ಹೋಗುತ್ತದೆ. ಬೇಡವೆನ್ನುತ್ತಾರೇನೋ ಎಂದಿದ್ದೆ. ಬೀಗಿತಿಯೇ ಹೇಳಿ ಕಳಿಸಿದ್ದಾರೆ, ಅವರ ಬೀದಿಯ ಹೆಂಗಸರಿಗೆಲ್ಲ ಆಗಲೇ ತಿಳಿಸಿಯಾಗಿದೆಯಂತೆ, ತರದಿದ್ದರೆ ಚೆನ್ನಾಗಿರುವುದಿಲ್ಲವಂತೆ. ಅದರೊಳಗೆ ಕುಲಾವಿಯನ್ನೂ ಇಟ್ಟಿದ್ದೇನೆ. ವೇದಾಳ ತಲೆಗೆ ಈಗ ಸರಿಯಾಗಿ ಕೂರುತ್ತದೆ.

ಅವರನ್ನು ಬಿಟ್ಟುಬರಲು ನಾನೂ ಹೊರಟಿದ್ದೇನೆ. ಕರಿಯಣ್ಣ ಎತ್ತು ಹೂಡುತ್ತಿದ್ದಾನೆ. ಪರವೂರು, ನೆಂಟರ ಮನೆ, ಎಲ್ಲಾದರೂ ಬೇಕಾದೀತೆಂದು ನನ್ನ ಕೋಲನ್ನು ಹುಡುಕಿದೆ. ಪಡಸಾಲೆಯಲ್ಲಿಲ್ಲ, ಅಡುಗೆಮನೆಯಲ್ಲಿಲ್ಲ. ಅತ್ತೆಯನ್ನು ಕೇಳಿದರೆ, "ನಂಗೇನು ಗೊತ್ತು, ನಿನ್ನ ಕೋಲು," ಎಂದು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಒಳಗೆ ಹೋದರು.

ಕೊನೆಗೆ ಹಿತ್ತಲಲ್ಲಿ ಸಿಕ್ಕಿತು. ಯಾರೋ ಅದನ್ನು ತಂದು ಹೀರೆಬಳ್ಳಿಗೆ ನೆಟ್ಟಿದ್ದಾರೆ. ಬಳ್ಳಿ ಬುಡದಿಂದ ತುದಿಯವರೆಗೂ ಸುತ್ತಿ, ಮೇಲೆ ಹಿಡಿಯುವ ಜಾಗದಲ್ಲಿ ಒಂದು ಹಳದಿ ಹೂ ಬಿಟ್ಟಿದೆ. ಪಕ್ಕದಲ್ಲೇ ಬೆರಳುದ್ದದ ಒಂದು ಎಳೆಗಾಯಿ.

ಈಗ ಕಿತ್ತರೆ ಬಳ್ಳಿ ಹರಿಯುತ್ತದೆ. ಇರಲಿ, ಕಾಯಿ ಬಲಿಯಲಿ. ಊರಿಂದ ಬಂದ ಮೇಲೆ ನೋಡಿದರಾಯಿತು. ವೇದಾ ಕೂಗುತ್ತಿದ್ದಾಳೆ.